ಮುಳ್ಳನ್ನು ನಂಬದ ಮೇಸ್ತ್ರಿ

ಅವರ ಬಲಗೈ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ರೋಮವೂ ಇಲ್ಲದೆ, ತೆಳು ಗುಲಾಬಿ ಬಣ್ಣಕ್ಕೆ ತಿರುಗಿ ಸುಕ್ಕುಗಟ್ಟಿತ್ತು. ಗ್ರೀಸು ಮೆತ್ತಿದ ಎಡಗೈಯ ಪಕ್ಕದಲ್ಲಿ ಅದು ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು. ನಾನು ಮೊದಲು ಕಂಡದ್ದು ಅವರ ಮುಖವನ್ನಲ್ಲ, ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದ ಆ ಕೈಯನ್ನು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಬೆಂಗಳೂರಿನ ಜ್ಞಾನಭಾರತಿಯಲ್ಲಿ ಪಾಠ ಹೇಳುತ್ತಿದ್ದೆ, ಮನೆ ವಿಜಯನಗರದಲ್ಲಿ. ಯಜಮಾನರು ತೀರಿಕೊಂಡು ಏಳು ತಿಂಗಳಾಗಿತ್ತು. ಮಕ್ಕಳಿರಲಿಲ್ಲ. ಕಾರು ಓಡಿಸುವುದನ್ನು ಅವರೇ ಕಲಿಸಿದ್ದರು, ಆದರೆ ಪಕ್ಕದ ಸೀಟು ಖಾಲಿಯಿಟ್ಟುಕೊಂಡು ಓಡಿಸಿದ್ದು ಅವರು ಹೋದ ಮೇಲೆಯೇ. ಒಂದು ಮಧ್ಯಾಹ್ನ ನಾಯಂಡಹಳ್ಳಿಯ ಹತ್ತಿರ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಗಾಬರಿಯಲ್ಲಿ ಇಳಿದು, ಸೆರಗಿನ ತುದಿಯನ್ನು ರೇಡಿಯೇಟರಿನ ಮುಚ್ಚಳಕ್ಕೆ ಸುತ್ತಿ ತಿರುಗಿಸಲು ಹೊರಟಿದ್ದೆ.

"ಮುಟ್ಬೇಡಿ ಮೇಡಂ! ಮುಖ ಮೂತಿ ಎಲ್ಲಾ ಬೆಂದೋಗ್ತದೆ!"

ಎದುರಿನ ಟೀ ಅಂಗಡಿಯಿಂದ ಓಡಿಬಂದು ನನ್ನ ಕೈ ಹಿಡಿದವರು ಐವತ್ತು ದಾಟಿದ, ಖಾಕಿ ಅಂಗಿಯ ಮನುಷ್ಯ. ಕಾರು ರಿಪೇರಿ ಮಾಡುತ್ತಿದ್ದ ಅವರನ್ನು ಆ ಭಾಗದವರೆಲ್ಲ ಮೇಸ್ತ್ರಿ ಎನ್ನುತ್ತಿದ್ದರು.

"ಈಗೇನ್ ಮಾಡೋದು?" ಎಂದೆ.

"ಏನೂ ಮಾಡಂಗಿಲ್ಲ. ಆರೋ ತನಕ ಕೂತ್ಕೊಳ್ಳೋದು."

ಮುಕ್ಕಾಲು ಗಂಟೆ ಕೂತೆವು. ಯಜಮಾನರು ಎಲ್ಲಿ, ಒಬ್ಬರೇ ಯಾಕೆ ಬಂದಿರಿ ಎಂದು ಅವರು ಕೇಳಲಿಲ್ಲ. ಆ ಏಳು ತಿಂಗಳಲ್ಲಿ ಹಾಗೆ ಕೇಳದೆ ನನ್ನ ಪಕ್ಕ ಕೂತವರು ಅವರೊಬ್ಬರೇ. ಎಂಜಿನ್ ಆರಿದ ಮೇಲೆ ಗೋಣಿಬಟ್ಟೆ ಮುಚ್ಚಿ, ಮುಚ್ಚಳವನ್ನು ಇಷ್ಟಿಷ್ಟೇ ಸಡಿಲಿಸಿ ನೀರು ತುಂಬಿದರು. ಸೋರುತ್ತಿದ್ದ ಪೈಪನ್ನು ಬಿಗಿದರು.

ಅವರ ಶೆಡ್ಡು ದೊಡ್ಡ ರಸ್ತೆಯಿಂದ ನೂರು ಹೆಜ್ಜೆ ಒಳಗೆ, ಗೋಡೌನುಗಳ ಸಾಲಿನ ಕೊನೆಗಿತ್ತು. ವಾಸವೂ ಅಲ್ಲೇ. ಒಂದು ಸ್ಟೌವ್, ಒಂದು ತಟ್ಟೆ, ಒಂದು ಲೋಟ. ನಾನು ಹೋದರೆ ಆ ಲೋಟದಲ್ಲಿ ನನಗೆ ಟೀ ಕೊಟ್ಟು, ತಾವು ಪಾತ್ರೆಯಲ್ಲೇ ಕುಡಿಯುತ್ತಿದ್ದರು. ಬಂದವರಿಗೆಲ್ಲ ಅವರು ಹೇಳುತ್ತಿದ್ದುದು ಒಂದೇ ಮಾತು: "ಮುಳ್ಳು ನೋಡಿ, ಆದ್ರೆ ನಂಬ್ಬೇಡಿ." ಮುಳ್ಳು ಮೇಲೇರಿದರೆ ಎಂಜಿನ್ ಕಾದಿರಬಹುದು, ಇಲ್ಲವೇ ವೈರು ಕೆಟ್ಟಿರಬಹುದು. ಕೆಳಗಿದೆ ಎಂದು ನೆಮ್ಮದಿಯಾಗಿಯೂ ಇರುವಂತಿಲ್ಲ. ನೀರೆಲ್ಲ ಖಾಲಿಯಾಗಿದ್ದರೆ ಬಿಸಿ ಮುಳ್ಳಿಗೆ ಸರಿಯಾಗಿ ತಾಗುವುದೇ ಇಲ್ಲ. ಬೆಳಿಗ್ಗೆ ಹೊರಡುವ ಮುಂಚೆ ನೀರು ನೋಡಬೇಕು, ಫ್ಯಾನ್ ಬೆಲ್ಟು ಒತ್ತಿ ನೋಡಬೇಕು, ದಾರಿಯಲ್ಲಿ ಸುಟ್ಟ ವಾಸನೆಗೆ ಮೂಗು ತೆರೆದಿರಬೇಕು. ಇಷ್ಟನ್ನೂ ನನ್ನ ಕೈಯಲ್ಲೇ ಮಾಡಿಸಿದರು.

ಆ ಬೇಸಿಗೆಯಲ್ಲಿ ಕಾರು ಮತ್ತೆ ಮತ್ತೆ ಕಾಯತೊಡಗಿತು. ನನ್ನ ಭಾವ, ಎಂದರೆ ಯಜಮಾನರ ಅಣ್ಣ, ತಮಗೆ ಗೊತ್ತಿದ್ದ ಮೆಕ್ಯಾನಿಕ್ ಒಬ್ಬನನ್ನು ಕರೆತಂದರು. ಎಂಜಿನ್ ಸತ್ತಿದೆ, ಗುಜರಿಗೆ ಹಾಕಿ ಎಂದ ಅವನು.

"ಒಬ್ಬಳೇ ಹೆಂಗ್ಸಿಗೆ ಕಾರ್ ಯಾಕಮ್ಮಾ? ಬಸ್ಸಿದೆಯಲ್ಲ," ಎಂದರು ಭಾವ.

ನಾನು ಕಾರು ಹೊರಗೆ ತೆಗೆದೆ. ದಾರಿಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ, ನೀರು ಹಾಕಿಕೊಂಡು ಶೆಡ್ಡಿಗೆ ಹೋದೆ. ಮೇಸ್ತ್ರಿ ಎಂಜಿನ್ನಿನಿಂದ ಹಿತ್ತಾಳೆಯ ಪುಟ್ಟ ವಾಲ್ವೊಂದನ್ನು ಬಿಚ್ಚಿ, ಟೀ ಪಾತ್ರೆಯಲ್ಲಿ ನೀರಿಟ್ಟು ಅದರೊಳಗೆ ಇಳಿಬಿಟ್ಟರು. ನೀರು ಕುದಿಯಿತು. ವಾಲ್ವು ಮುಚ್ಚಿಕೊಂಡೇ ಇತ್ತು.

"ನೋಡಿ ಮೇಡಂ, ಬಿಸಿಯಾದ್ರೆ ಇದು ಬಾಯಿ ಬಿಡ್ಬೇಕು. ಬಿಡ್ತಿಲ್ಲ. ರೇಡಿಯೇಟರ್‌ಗೆ ನೀರೇ ಹೋಗ್ತಿಲ್ಲ. ಎಂಜಿನ್ ಸತ್ತಿಲ್ಲ ಕಣಮ್ಮಾ."

ಮೇಡಂ ಹೋಗಿ ಅಮ್ಮಾ ಆದದ್ದು ಅವರಿಗೂ ಗೊತ್ತಾಗಲಿಲ್ಲ. ನಾನು ಅತ್ತುಬಿಟ್ಟೆ. ಅವರು ಹೊಸ ವಾಲ್ವು ಕೂರಿಸುತ್ತಾ, ತಲೆಯೆತ್ತದೆ, ತಮ್ಮ ಕಥೆ ಹೇಳಿದರು. ಹೆರಿಗೆ ನೋವು ಬಂದ ಹೆಂಡತಿಯನ್ನು ಮಾಗಡಿ ರಸ್ತೆಯಲ್ಲಿ, ತಾವು ಆಗ ಓಡಿಸುತ್ತಿದ್ದ ಸಾಹುಕಾರರೊಬ್ಬರ ಕಾರಿನಲ್ಲಿ ಆಸ್ಪತ್ರೆಗೆ ಕರೆತರುತ್ತಿದ್ದರಂತೆ.

"ಮುಳ್ಳು ಕೆಳಗೇ ಇತ್ತು. ನಂಬ್ದೆ. ಗಾಡಿ ನಿಂತೋಯ್ತು. ಅವಸರದಲ್ಲಿ ಮುಚ್ಚಳ ತೆಗ್ದೆ. ಒಳಗೆ ಉಳ್ದಿದ್ದ ಹಬೆ, ನೀರು ಎಲ್ಲಾ ಕೈ ಮೇಲೆ. ಇನ್ನೊಂದು ಗಾಡಿ ಸಿಗೋ ಹೊತ್ತಿಗೆ..." ಸ್ಪ್ಯಾನರ್ ಒಂದು ಸುತ್ತು ತಿರುಗಿಸಿದರು. "ಇಬ್ರೂ ಉಳೀಲಿಲ್ಲ."

ಕಾರು ಸರಿಹೋಯಿತು. ಭಾವನಿಗೆ ಮಾರುವುದಿಲ್ಲ ಎಂದು ಹೇಳಿಕಳಿಸಿದೆ.

ಆಮೇಲೆ ಕಾರು ಒಂದು ದಿನವೂ ಕಾಯಲಿಲ್ಲ. ಹೆಚ್ಚುಕಡಿಮೆ ಒಂದು ವರ್ಷ ಆ ಗಲ್ಲಿಯ ಮುಂದೆಯೇ ಹೋಗಿಬಂದೆ. ಕೆಲಸವಿಲ್ಲದೆ ಹೋಗಿ ಏನು ಹೇಳುವುದೆಂಬ ಸಂಕೋಚದಲ್ಲಿ ಒಳಗೆ ತಿರುಗಿಸಲೇ ಇಲ್ಲ. ಬೆಲ್ಟು ಹಳತಾದಾಗ ಹೋದೆ. ಶೆಡ್ಡಿಗೆ ಬೀಗ ಬಿದ್ದಿತ್ತು.

"ಹೋಗಿಬಿಟ್ರು ಮೇಡಂ, ಮೂರು ವಾರ ಆಯ್ತು," ಎಂದರು ಪಕ್ಕದ ಪಂಕ್ಚರ್ ಅಂಗಡಿಯವರು. "ಯಾರಿಗ್ ಹೇಳ್ಬೇಕು ಅಂತ್ಲೇ ಗೊತ್ತಾಗ್ಲಿಲ್ಲ. ನಾವ್ ನಾಲ್ಕು ಜನಾನೇ ಹೊತ್ಕೊಂಡ್ ಹೋದ್ವಿ."

ನಾನು ಮತ್ತೆ ಕಾರು ಹತ್ತಿ ಕೀಲಿ ಹಾಕಿದೆ. ಅಂಗಡಿಯವರು ಕಿಟಕಿಯ ಹತ್ತಿರ ಬಂದು, ಏನೋ ನೆನಪಾದಂತೆ ನಿಂತರು.

"ನಿಮ್ ವಿಷ್ಯ ಹೇಳ್ತಾನೇ ಇದ್ರು. ನೋಡು, ಟೀಚರಮ್ಮ ಬರ್ಲೇ ಇಲ್ಲ, ಕಾರು ಚೆನ್ನಾಗ್ ಓಡ್ತಾ ಇದೆ ಅಂತ. ಭಾರಿ ಖುಷಿ ಅವ್ರಿಗೆ."