ಮರಳಿನಲ್ಲಿ ಇಟ್ಟ ಬೇಸಿಗೆ

ಕಣಜದ ಒಳಗೆ ಐನೂರ ಹನ್ನೆರಡು ಡಿಗ್ರಿ, ಹೊರಗೆ ಸೊನ್ನೆಗಿಂತ ಹತ್ತೊಂಬತ್ತು ಕೆಳಗೆ. ನಡುವೆ ಮೊಳದಷ್ಟು ದಪ್ಪದ ಗೋಡೆ. ಮೊದಲ ದಿನ ಅದರ ಪಕ್ಕ ನಿಂತು ನಾನು ನಡುಗುತ್ತಿದ್ದೆ.

ಫಿನ್ಲೆಂಡಿನ ಈ ಊರಿನಲ್ಲಿ ಜೂನ್ ಬಂದರೆ ಕತ್ತಲಾಗುವುದೇ ಇಲ್ಲ. ಡಿಸೆಂಬರಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಹುಟ್ಟಿದ ಸೂರ್ಯ ಮಧ್ಯಾಹ್ನ ಎರಡೂವರೆಗೆ ಮುಳುಗುತ್ತಾನೆ. ಬೇಸಿಗೆಯಲ್ಲಿ ಮಿಕ್ಕುವ ಸೌರವಿದ್ಯುತ್ತಿನಿಂದ ಮರಳು ಕಾಯಿಸಿ, ಆ ಬಿಸಿಯನ್ನು ಉಕ್ಕಿನ ಕಣಜದಲ್ಲಿ ಉಳಿಸಿಕೊಂಡು ಚಳಿಗಾಲದಲ್ಲಿ ಮನೆಗಳಿಗೆ ಹರಿಸುವುದು ನಮ್ಮ ಕೆಲಸ.

ಪಿರಿಯಾಪಟ್ಟಣದ ಬಳಿಯ ನಮ್ಮೂರಿನಲ್ಲಿ ಬಿಸಿಯೆಂದರೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ. ಅದರ ಒಲೆ ನೋಡಿಕೊಳ್ಳುತ್ತಿದ್ದವರು ನನ್ನ ಸೋದರತ್ತೆ. ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ; ಸಾಕಿದವರು ಅವರೇ. ನನ್ನ ಕೆಲಸದ ಬಗ್ಗೆ ಹೇಳಿದಾಗ ಫೋನಿನಲ್ಲಿ ನಕ್ಕಿದ್ದರು. "ಮರಳು ಬೇಯ್ಸಕ್ಕೆ ಅಷ್ಟು ದೂರ ಓದ್ಯಾ? ವರ್ಸಗಟ್ಲೆ ಬೇಯ್ಸಿದ್ರೂ ಬೇಯಲ್ಲ ಕಣಮ್ಮಿ ಅದು!"

ಇಲ್ಲಿಯವರು ಬಸ್ಸಿನಲ್ಲಿ ಒಬ್ಬರ ಪಕ್ಕ ಒಬ್ಬರು ಕೂರುವುದಿಲ್ಲ. ಮಾತು ಕಡಿಮೆಯ ನನಗೆ ಮೊದಲು ಅದು ಹಿತವೆನಿಸಿತ್ತು. ಯಾರಿಗೂ ಹೊರೆಯಾಗದೆ ಇರಬಹುದು.

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ಒಂಬತ್ತೂವರೆಗೆ ದೊಡ್ಡಪ್ಪನ ಮಗ ಶಿವಣ್ಣ ಫೋನ್ ಮಾಡಿದ. ಊರಿನಲ್ಲಿ ಆಗ ಮಧ್ಯಾಹ್ನ ಒಂದು ಗಂಟೆ.

"ಅತ್ತೆ ಓಗ್ಬುಟ್ರು ಕಣವ್ವ. ಜಗಲಿ ಮೇಲೆ ಕುಂತಂಗೇ." ಆಮೇಲೆ ಕೇಳಿದ, "ನೀ ಬತ್ತೀಯ ಅಂದ್ರೆ ಮೈಸೂರಿಂದ ಐಸ್ ಪೆಟ್ಟಿಗೆ ತರಿಸ್ತೀನಿ, ಎರಡು ದಿನ ಮಡಗ್ಬೋದು. ಇಲ್ಲಾಂದ್ರೆ ಒತ್ತು ಮುಳುಗೋಕ್ ಮುಂಚೆ ಮಣ್ಣು ಮಾಡ್ತೀವಿ. ನೀನೇ ಯೋಳು."

ನಮ್ಮಲ್ಲಿ ಹೆಣ ಎತ್ತುವವರೆಗೆ ಬೀದಿಯ ಯಾವ ಮನೆಯಲ್ಲೂ ಒಲೆ ಹಚ್ಚುವುದಿಲ್ಲ. ಆ ಬೀದಿಯಲ್ಲಿ ಎಳೆಮಕ್ಕಳಿದ್ದರು, ಸಕ್ಕರೆ ಕಾಯಿಲೆಯವರಿದ್ದರು. ನನ್ನೊಬ್ಬಳಿಗಾಗಿ ಎಲ್ಲರೂ ಎರಡು ದಿನ ಹಸಿದಿರಬೇಕೇ?

"ಕಾಯ್ಬೇಡಿ ಅಣ್ಣ, ಮುಗಿಸಿ" ಎಂದೆ.

"ಆಯ್ತು ಬುಡವ್ವ."

ಎರಡೂವರೆಗೆ ಇಲ್ಲಿಯೂ ಹೊತ್ತು ಮುಳುಗಿತು. ಮತ್ತೆ ಫೋನ್ ಬಂತು. "ಎಲ್ಲಾ ಆಯ್ತು. ಬೀದಿಯೋರೆಲ್ಲ ಕಾಯಾನ, ಮಗಳು ಬರ್ಲಿ ಅಂದ್ರು ಕಣವ್ವ. ಎದುರುಮನೆ ಅಜ್ಜಿ, ನಂಗೇನು ಅವಲಕ್ಕಿ ಸಾಕು ಅಂತು. ನೀನೇ ಬ್ಯಾಡ ಅಂದ್ಬುಟ್ಟೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಜೊತೆಗೆ ಕೆಲಸ ಮಾಡುವ ಕೈಸಾ ನನ್ನ ಮುಖ ನೋಡಿ ಏನಾಯಿತೆಂದು ಕೇಳಿದಳು. ಸಾಕಿ ಬೆಳೆಸಿದ ಅತ್ತೆ ತೀರಿಕೊಂಡದ್ದನ್ನು ಹೇಳಿದೆ. ಮಣ್ಣು ಮಾಡುವುದು ಯಾವಾಗ ಎಂದಳು. ಇಲ್ಲಿ ಮೂರು ವಾರವಾದರೂ ಕಾಯುತ್ತಾರೆ, ದೂರದವರೆಲ್ಲ ಬರಬೇಕಲ್ಲ.

"ಆಗಿಹೋಯಿತು" ಎಂದೆ.

"ಇವತ್ತೇ? ನೀನು ಇಲ್ಲಿರುವಾಗ?"

ಒಬ್ಬಳೇ ಮಗಳು ದೂರದಲ್ಲಿದ್ದಾಳೆಂದು ತಿಳಿದೂ ಯಾರೂ ಕಾಯಲಿಲ್ಲವೇ ಎಂಬ ಬೆರಗು ಅವಳ ಕಣ್ಣಿನಲ್ಲಿತ್ತು. ಕಾಯುತ್ತೇವೆಂದವರನ್ನು ನಾನೇ ತಡೆದೆ ಎನ್ನಲು ಬಾಯಿ ಬರಲಿಲ್ಲ. ನನ್ನ ಊರು ಕಲ್ಲುಮನಸ್ಸಿನದೆಂದು ಅವಳು ತಿಳಿದರೂ ಸುಮ್ಮನಿದ್ದೆ. ಆ ದಿನ ನಾನು ಮಾಡಿದ ಎರಡನೆಯ ತಪ್ಪು ಅದು.

ಮರುದಿನ ಬೆಳಿಗ್ಗೆ ರಜೆಯ ಅರ್ಜಿ ತುಂಬಿದೆ. ತೀರಿಕೊಂಡವರು ಏನಾಗಬೇಕು ಎಂಬಲ್ಲಿ 'ಆ್ಯಯ್ತಿ' ಎಂದು ಬರೆದೆ. ಇವರ ಭಾಷೆಯಲ್ಲಿ ತಾಯಿ. ಕೈಸಾಗೆ ಎಲ್ಲವನ್ನೂ ಇದ್ದಂತೆ ಹೇಳಿದೆ. ಆಮೇಲೆ ಶಿವಣ್ಣನಿಗೆ ಫೋನ್ ಮಾಡಿ, ಮೂರನೇ ದಿನ ಮಣ್ಣು ಮಾಡಿದಲ್ಲಿ ಎರೆಯುವ ಹಾಲುತುಪ್ಪವನ್ನು ಒಂದು ದಿನ ಮುಂದೆ ಹಾಕಿ, ನಾನು ಬರುವವರೆಗೆ ಕಾಯಿರಿ ಎಂದು ಕೇಳಿದೆ.