ರಿಜಿಸ್ಟರಿನ ಮೇಲಿನ ಸುಣ್ಣದ ಗುರುತು

ನಮ್ಮ ಕಾಲೇಜಿನ ಗ್ರಂಥಾಲಯದ ಬೀರುವಿನಲ್ಲಿ, ಮೇಲಿನಿಂದ ಎರಡನೆಯ ಖಾನೆಯಲ್ಲಿ, ಹಸಿರು ರಟ್ಟಿನ ಒಂದು ರಿಜಿಸ್ಟರ್ ಇದೆ. ರಟ್ಟಿನ ಕೆಳಮೂಲೆಯಲ್ಲಿ ಹೆಬ್ಬೆರಳಿನಗಲದ ಒಂದು ಬಿಳಿ ಗುರುತು. ಎಷ್ಟೋ ಸಲ ಒದ್ದೆ ಬಟ್ಟೆಯಿಂದ ಒರೆಸಿದ್ದೇನೆ. ಒದ್ದೆ ಇರುವಷ್ಟು ಹೊತ್ತು ಕಾಣುವುದಿಲ್ಲ, ಒಣಗಿದ ಮೇಲೆ ಮತ್ತೆ ಮೂಡುತ್ತದೆ. ಸುಣ್ಣದ ಗುಣವೇ ಅದು.

ಈ ವಾರ ಅದನ್ನು ಮತ್ತೆ ಕೆಳಗಿಳಿಸಬೇಕಾಯಿತು. ಬರುವ ಗುರುವಾರ ಕೊನೆಯ ವರ್ಷದ ಮಕ್ಕಳಿಗೆ ನಾಯಕತ್ವ, ಮನಸ್ಸಿನ ಆರೋಗ್ಯ ಮತ್ತು ಉದ್ಯೋಗದ ಬಗ್ಗೆ ನಾನು ಮಾತಾಡಬೇಕಂತೆ. ಮೂರಕ್ಕೂ ಸೇರಿ ಒಂದು ಗಂಟೆ. ಆಮೇಲೆ ಟೀ, ಬಿಸ್ಕತ್ತು. ಹೋದ ವರ್ಷಗಳಲ್ಲಿ ಏನು ಹೇಳಿದ್ದೆನೋ ಅದನ್ನೇ ಸ್ವಲ್ಪ ಹಿಂದೆ ಮುಂದೆ ಮಾಡಿ ಹೇಳಿದರಾಯಿತು ಅಂದುಕೊಂಡು ರಿಜಿಸ್ಟರ್ ತೆಗೆದೆ. ಗುರುತಿನ ಮೇಲೆ ಹೆಬ್ಬೆರಳು ಕೂತಿತು. ನನ್ನದೇ ಬೆರಳು, ನನ್ನದೇ ಗುರುತು. ಅಲ್ಲಿಂದ ಮುಂದೆ ಪುಟ ತಿರುವಲು ಆಗಲಿಲ್ಲ.

ಮಕ್ಕಳಿಗೆ ದಾರಿ ತೋರಿಸುವ ಈ ನನಗೆ ದಾರಿ ಸಿಕ್ಕಿದ್ದು ಹೇಗೆಂದು ಮೊದಲು ಹೇಳಿಬಿಡುತ್ತೇನೆ. ನನ್ನದು ತೊಂಡೇಬಾವಿ. ಡಿಗ್ರಿ ಮುಗಿದಾಗ ಮುಂದೆ ಏನು ಓದುತ್ತೀಯ ಎಂದು ಯಾರೂ ಕೇಳಲಿಲ್ಲ, ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ. ನಮ್ಮಣ್ಣ ಗೌರಿಬಿದನೂರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಸರದಿಯಲ್ಲಿ ನಿಂತಿದ್ದನಂತೆ. ಅವನ ಮುಂದಿದ್ದವರು ಗ್ರಂಥಾಲಯ ವಿಜ್ಞಾನದ ಅರ್ಜಿ ತುಂಬುತ್ತಿದ್ದರಂತೆ. ಅವರ ಹತ್ತಿರ ಒಂದು ಅರ್ಜಿ ಹೆಚ್ಚಿಗೆ ಇತ್ತು. ಇವನು ತಂದ. ನಾನು ಗ್ರಂಥಪಾಲಕಿಯಾದೆ. ಆ ಮನುಷ್ಯರ ಹತ್ತಿರ ಅವತ್ತು ಬೇರೆ ಯಾವುದೋ ಅರ್ಜಿ ಇದ್ದಿದ್ದರೆ ಇವತ್ತು ನಾನು ಏನಾಗಿರುತ್ತಿದ್ದೆನೋ ಎಂದು ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದ ಕಾಲೇಜಿಗೆ ಬರುವ ಬಸ್ಸಿನಲ್ಲಿ ಆಗಾಗ ಯೋಚಿಸುತ್ತೇನೆ. ದಾರಿಯಲ್ಲಿ ಹಂಡಿಗನಾಳ ಬರುವಷ್ಟರಲ್ಲಿ ಮರೆತಿರುತ್ತೇನೆ.

ಉದ್ಯೋಗ ಮಾರ್ಗದರ್ಶನದ ಜವಾಬ್ದಾರಿ ಬಂದಿದ್ದೂ ಹೀಗೆಯೇ. ಸಭೆಯಲ್ಲಿ ಅದು ಯಾರಿಗೂ ಬೇಡವಾಗಿತ್ತು. "ಲೈಬ್ರರಿ ಮೇಡಂ ಯಾವಾಗ್ಲೂ ಒಂದೇ ಕಡೆ ಸಿಗ್ತಾರೆ" ಅಂದರು ಪ್ರಿನ್ಸಿಪಾಲರು. ಒಂದೇ ಕಡೆ ಸಿಗುವುದು ದೊಡ್ಡ ಅರ್ಹತೆ ಎಂದು ಅವತ್ತು ತಿಳಿಯಿತು. ಹಸಿರು ರಟ್ಟಿನ ಈ ರಿಜಿಸ್ಟರನ್ನು ಹೊಸದಾಗಿ ತಂದು ಸ್ಕೇಲಿಟ್ಟು ಗೆರೆ ಎಳೆದೆ. ದಿನಾಂಕ, ಹೆಸರು, ತರಗತಿ, ಸಮಸ್ಯೆ, ಸಲಹೆ. ಸಲಹೆಯ ಕಾಲಂ ಎಲ್ಲಕ್ಕಿಂತ ಅಗಲ.

ಆಗ ಬಿ.ಕಾಂ. ಕೊನೆಯ ವರ್ಷದಲ್ಲಿ ಸುಮಿತ್ರ ಎಂಬ ಹುಡುಗಿ ಇದ್ದಳು. ಸಾದಲಿ ಕಡೆಯವಳು. ಪ್ರತಿ ತರಗತಿಯಲ್ಲೂ ಇಂಥ ಒಬ್ಬಳು ಇರುತ್ತಾಳೆ, ನೀವೂ ನೋಡಿರುತ್ತೀರಿ. ಬಸ್ ಪಾಸಿನ ಅರ್ಜಿ ಸೇರಿಸುವವಳು ಅವಳು. ಪರೀಕ್ಷಾ ಶುಲ್ಕದ ಕೊನೆಯ ದಿನ ನೆನಪಿಸುವವಳು ಅವಳು. ಸಂಜೆ ಬಸ್ಸು ನಿಲ್ಲಿಸದೆ ಹೊರಟರೆ ರಸ್ತೆಗೆ ಅಡ್ಡ ನಿಂತು, "ಅಣ್ಣಾ, ಇಪ್ಪತ್ ಜನ ಹುಡುಗೀರು ಇದೀವಿ, ಕಾಣ್ಸಲ್ವಾ" ಎಂದು ಡ್ರೈವರನ್ನು ದಬಾಯಿಸುವವಳೂ ಅವಳೇ. ಸ್ಟಾಫ್ ರೂಮಿನಲ್ಲಿ ಯಾವ ಪ್ರಶ್ನೆ ಬಂದರೂ ಕೊನೆಗೆ "ಸುಮಿತ್ರಾನ ಕೇಳಿ" ಎನ್ನುವಲ್ಲಿಗೆ ಬಂದು ನಿಲ್ಲುತ್ತಿತ್ತು. ಪುಸ್ತಕ ಹಿಂದಿರುಗಿಸದ ಹುಡುಗರ ಪಟ್ಟಿಯನ್ನು ನಾನೂ ಅವಳ ಕೈಗೇ ಕೊಡುತ್ತಿದ್ದೆ. ವಾರದೊಳಗೆ ಪುಸ್ತಕಗಳು ಬರುತ್ತಿದ್ದವು. ಹೇಗೆ ಎಂದು ನಾನು ಕೇಳುತ್ತಿರಲಿಲ್ಲ.

ಆ ವರ್ಷ ಗೌರಿಬಿದನೂರಿನ ಕಡೆಯ ಒಂದು ಕಾರ್ಖಾನೆಯವರು ಬಂದು ಹನ್ನೊಂದು ಮಕ್ಕಳನ್ನು ಮಾತಾಡಿಸಿ ಸುಮಿತ್ರಳೊಬ್ಬಳನ್ನೇ ಆರಿಸಿದರು. ತರಬೇತಿ ಕೊಟ್ಟು ಮೇಲ್ವಿಚಾರಕಿ ಮಾಡುತ್ತೇವೆ, ನಲವತ್ತು ಜನರನ್ನು ನೋಡಿಕೊಳ್ಳಬೇಕು ಅಂದರು. ಅವರು ಕೇಳಿದ ಶಿಫಾರಸು ಪತ್ರದಲ್ಲಿ "ನಾಯಕತ್ವದ ಗುಣ ಹುಟ್ಟಿನಿಂದಲೇ ಬಂದಿದೆ" ಎಂದು ಬರೆದವಳು ನಾನು. ಮನೆಗೆ ಹೋಗಿ ಪಾಯಸ ಮಾಡಿದೆ. ಮುಂದಿನ ಶನಿವಾರದೊಳಗೆ ಅವಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕಳಿಸಬೇಕಿತ್ತು.

ಸೋಮವಾರ ಸುಮಿತ್ರ ಬರಲಿಲ್ಲ. ಮಂಗಳವಾರವೂ ಇಲ್ಲ. ಫೋನು ಆಫ್. ಗೆಳತಿಯರನ್ನು ಕೇಳಿದರೆ, "ಏನೋ ಗೊತ್ತಿಲ್ಲ ಮೇಡಂ, ಮನೇಲೇ ಕೂತವ್ಳಂತೆ, ಮಾತಾಡಲ್ವಂತೆ" ಅಂದರು. ಗುರುವಾರ ಅರ್ಧ ದಿನ ರಜೆ ಹಾಕಿ, ಒಪ್ಪಿಗೆ ಪತ್ರವನ್ನು ರಿಜಿಸ್ಟರಿನೊಳಗೆ ಇಟ್ಟುಕೊಂಡು ಸಾದಲಿ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಮನಸ್ಸಿನೊಳಗೇ ಭಾಷಣ ಸಿದ್ಧಮಾಡಿಕೊಂಡೆ. ಅವಕಾಶ ಒಂದೇ ಸಲ ಬಾಗಿಲು ತಟ್ಟುತ್ತದೆ, ಹೆಣ್ಣುಮಕ್ಕಳು ಮುಂದೆ ಬರಬೇಕು, ಇತ್ಯಾದಿ. ಬಾಗಿಲು ತಟ್ಟದೆಯೇ ಜೆರಾಕ್ಸ್ ಅಂಗಡಿಯಿಂದ ನೌಕರಿ ಪಡೆದವಳು ನಾನು. ಅದು ಆಗ ನೆನಪಾಗಲಿಲ್ಲ.

ಸುಮಿತ್ರಳ ತಾಯಿ ನಾರಾಯಣಮ್ಮ ರೇಷ್ಮೆ ಸಾಕುವ ಹುಳುಮನೆಯ ಬಾಗಿಲಲ್ಲಿ ಸಿಕ್ಕರು. ಕೈ ಮೊಣಕೈವರೆಗೆ ಬೆಳ್ಳಗಾಗಿತ್ತು. "ಮೇಡಂ ವಚ್ಚಿನಾರು ಚೂಡಮ್ಮಾ" ಎಂದು ನಾನು ಬಂದದ್ದನ್ನು ತೆಲುಗಿನಲ್ಲಿ ಒಳಗೆ ಮಗಳಿಗೆ ಕೂಗಿ ಹೇಳಿ, ನನ್ನ ಕಡೆ ತಿರುಗಿ, "ಬನ್ನಿ, ಕಾಲ್ ತೊಳ್ಕೊಂಡ್ ಬನ್ನಿ. ಹುಳ ಜ್ವರಕ್ ಕೂತವೆ, ಸುಣ್ಣ ಹಾಕ್ತಿದ್ದೆ" ಅಂದರು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ, ತಲೆ ಎತ್ತಿ, ಒಂದು ದಿನ ಅಲ್ಲಾಡದೆ ಕೂರುತ್ತದೆ. ಅದನ್ನೇ ಇಲ್ಲಿಯವರು ಜ್ವರ ಅನ್ನುವುದು. ತಟ್ಟೆ ಒಣಗಿರಲೆಂದು ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ನಮ್ಮ ಮನೆಯಲ್ಲಿ ರಾಗಿ, ಜೋಳ, ಎಮ್ಮೆ. ಹುಳದ ವಿಷಯ ನನಗೆ ಪುಸ್ತಕದಲ್ಲಿ ಓದಿದಷ್ಟೇ.

ಒಳಗೆ ಬಿದಿರಿನ ತಟ್ಟೆಗಳ ಸಾಲು. ಕೊನೆಯಲ್ಲಿ ಗೋಡೆಗೆ ಒರಗಿ ಮಣೆಯ ಮೇಲೆ ಸುಮಿತ್ರ. ನನ್ನನ್ನು ನೋಡಿ ಎದ್ದು ನಿಂತು ನಮಸ್ಕಾರ ಮಾಡಿ ಮತ್ತೆ ಕೂತಳು. ನಾನು ಶುರುಮಾಡಿದೆ. ಮುಕ್ಕಾಲು ಗಂಟೆ ಮಾತಾಡಿದೆನೆಂದು ಕಾಣುತ್ತದೆ. ಅವಳು ಎಲ್ಲದಕ್ಕೂ "ಹೂಂ ಮೇಡಂ" ಅಂದಳು. ಹುಷಾರಿಲ್ಲವೇ ಎಂದರೆ "ಏನಿಲ್ಲ ಮೇಡಂ." ಯಾರಾದರೂ ಏನಾದರೂ ಅಂದರೇ ಎಂದರೆ "ಯಾರೂ ಏನೂ ಅಂದಿಲ್ಲ ಮೇಡಂ."

ಮಾತು ಮುಗಿದುಹೋಯಿತು. ಸುಮ್ಮನಿರಲು ಬಾರದವರು ಕೈಗೆ ಕೆಲಸ ಹುಡುಕುತ್ತಾರಲ್ಲ, ಹಾಗೆ ಅತ್ತಿತ್ತ ನೋಡಿದೆ. ಪಕ್ಕದ ತಟ್ಟೆಯಲ್ಲಿ ಹತ್ತಾರು ಹುಳುಗಳು ಪೊರೆ ಬಿಟ್ಟು ಎದ್ದು ತಲೆಯಾಡಿಸುತ್ತ ಏನನ್ನೋ ಹುಡುಕುತ್ತಿದ್ದವು. ಪಾಪ, ಹಸಿವು. ಮೂಲೆಯಲ್ಲಿ ಒದ್ದೆ ಗೋಣಿಯಡಿ ಹಿಪ್ಪುನೇರಳೆ ಸೊಪ್ಪಿತ್ತು. ಎರಡು ತೋಳು ತುಂಬ ತಂದು ಆ ತಟ್ಟೆಗೂ ಅದರ ಪಕ್ಕದ ಎರಡು ತಟ್ಟೆಗಳಿಗೂ ಹರಡಿಬಿಟ್ಟೆ.

"ಅಯ್ಯೋ ಮೇಡಂ, ಹಾಕ್ಬಿಟ್ರಾ" ಎಂದು ನಾರಾಯಣಮ್ಮ ಓಡಿ ಬಂದರು. "ಇನ್ನೂ ಮುಕ್ಕಾಲ್ಪಾಲು ಎದ್ದಿಲ್ಲ ಕಣಮ್ಮ. ಎದ್ದಿರೋವು ಈಗ್ಲೇ ತಿಂದ್ರೆ ಹಿಂದೆ ಮುಂದೆ ಆಗ್ಬಿಡ್ತವೆ. ಆಮೇಲೆ ಒಂದ್ ಗೂಡು ಕಟ್ಟೋವಾಗ ಇನ್ನೊಂದು ತಿಂತಾ ಕೂತಿರ್ತದೆ. ಮಲಗಿರೋವು ಹಸಿ ಸೊಪ್ಪಿನ ಕೆಳಗೆ ಸಿಕ್ಕಾಕ್ಕೊಂಡು ಸಾಯ್ತವೆ."

ನಾನು ಅಲ್ಲೇ ನಿಂತೆ. ಸುಮಿತ್ರ ಎದ್ದು ಬಂದಳು. ಒಂದೊಂದೇ ಎಲೆಯನ್ನು ತುದಿ ಹಿಡಿದು ಎತ್ತಿ ತೆಗೆಯತೊಡಗಿದಳು. ನಾನೂ ಕೂತೆ. ಮೂರು ತಟ್ಟೆ. ಮಲಗಿದ ಹುಳುವಿಗೆ ಬೆರಳು ತಾಗಬಾರದು. ತಾಯಿ ಮಗಳು ಹತ್ತು ಎಲೆ ತೆಗೆಯುವಷ್ಟರಲ್ಲಿ ನಾನು ಎರಡು ತೆಗೆಯುತ್ತಿದ್ದೆ.

ಎರಡನೆಯ ತಟ್ಟೆಯ ಮಧ್ಯದಲ್ಲಿ ಸುಮಿತ್ರ, ಎಲೆಯ ಕಡೆಗೇ ನೋಡುತ್ತ, ಮೆಲ್ಲಗೆ ಹೇಳಿದಳು: "ಬೆಳಿಗ್ಗೆ ಎದ್ದಾಗಿಂದ ಯಾರಾದ್ರೂ ಏನಾದ್ರೂ ಕೇಳ್ತಾರೆ ಅಂತ ಎದೆ ಡವಡವ ಅಂತದೆ ಮೇಡಂ. ಅದಕ್ಕೇ ಫೋನ್ ಆಫ್ ಮಾಡಿಟ್ಟಿದೀನಿ. ಅಲ್ಲಿ ಹೋದ್ರೆ ಇನ್ನೂ ನಲವತ್ ಜನ ನನ್ನೇ ಕೇಳ್ತಾರಲ್ಲ. ನಾನ್ ಯಾರನ್ನ ಕೇಳ್ಲಿ?"

ಪುಸ್ತಕ ಹಿಂದಿರುಗಿಸದವರ ಆ ವಾರದ ಪಟ್ಟಿ ನನ್ನ ಚೀಲದಲ್ಲೇ ಇತ್ತು. ಅವಳು ಸಿಕ್ಕರೆ ಹೇಗೂ ಕೊಟ್ಟುಬಿಡೋಣ ಎಂದು ಹಾಕಿಕೊಂಡಿದ್ದೆ.

ನಾರಾಯಣಮ್ಮನನ್ನು ಆಚೆ ಕರೆದು ಕೇಳಿದೆ. "ಹೀಗೇ ಬಿಟ್ರೆ ತಾನೇ ಸರಿಹೋಗ್ತಾಳಾ?"

"ಹುಳ ಆದ್ರೆ ನಾಳೆ ಇಷ್ಟೊತ್ಗೆ ಎದ್ದೇಳ್ತದೆ ಅಂತ ಹೇಳ್ಬೋದು ಮೇಡಂ. ಬಲವಂತ ಮಾಡ್ಬಾರ್ದು ಅನ್ನೋದೂ ಗೊತ್ತು. ಇವ್ಳು ಯಾವಾಗ ಏಳ್ತಾಳೆ ಅಂತ ಏನ್ ಹೇಳ್ಳಿ? ಬಂದ್ ಬಂದ್ ನೋಡ್ತಾ ಇರ್ಬೇಕು, ಅಷ್ಟೆ."

ಒಪ್ಪಿಗೆ ಪತ್ರವನ್ನು ಹೊರಗೆ ತೆಗೆಯಲಿಲ್ಲ. "ಸಹಿ ಬೇಡ ಬಿಡಮ್ಮ, ನಿಧಾನ ಮಾಡ್ಕೋ" ಎಂದು ಸುಮಿತ್ರಳ ತಲೆ ಸವರಿ, ಸುಣ್ಣದ ಕೈಯಲ್ಲೇ ರಿಜಿಸ್ಟರ್ ಎತ್ತಿಕೊಂಡು ಬಂದೆ. ಕಾರ್ಖಾನೆಯವರಿಗೆ ಅವಳು ಬರುವುದಿಲ್ಲ ಎಂದು ಫೋನು ಮಾಡಿದವಳೂ ನಾನೇ. ಸಲಹೆಯ ಕಾಲಮಿನಲ್ಲಿ "ವಿಶ್ರಾಂತಿ" ಎಂದು ಬರೆದೆ.

ಪರೀಕ್ಷೆ ಹೊತ್ತಿಗೆ ಅವಳು ಬಂದಳು. ಹಿಂದಿನ ಬೆಂಚಿನಲ್ಲಿ ಕೂತು ಬರೆದು ಪಾಸಾದಳು. ನಾನು ದೂರದಿಂದ ನೋಡಿ ನಕ್ಕೆ. ತೊಂದರೆ ಕೊಡಬಾರದು ಎಂದು ಹತ್ತಿರ ಹೋಗಲಿಲ್ಲ.

ಆಮೇಲಿನ ಪ್ರತಿ ವರ್ಷ ನಾನು ಮಕ್ಕಳಿಗೆ ಈ ಕಥೆ ಹೇಳಿದ್ದೇನೆ. ಹೆಸರು, ಊರು ಬಿಟ್ಟು. ನಾಯಕರೂ ದಣಿಯುತ್ತಾರೆ, ಸುಮ್ಮನೆ ಕೂರುವ ಕಾಲವೂ ಬೆಳವಣಿಗೆಯೇ, ಬಲವಂತ ಮಾಡಬೇಡಿ. ಹೇಳುವಾಗ ನನ್ನ ದನಿ ಮೆತ್ತಗಾಗುವುದು ನನಗೇ ಕೇಳಿಸುತ್ತಿತ್ತು. ಒಂದು ವರ್ಷ ಚಪ್ಪಾಳೆಯೂ ಬಿತ್ತು.

ಹೋದ ತಿಂಗಳು ಸಂಬಂಧಿಕರ ಮಗುವಿನ ನಾಮಕರಣಕ್ಕೆಂದು ಚಿಂತಾಮಣಿಗೆ ಹೋಗಿದ್ದೆ. ವಾಪಸು ಬರಲು ಬಸ್ ನಿಲ್ದಾಣದಲ್ಲಿ ಕೂತಿದ್ದಾಗ, "ಲೈಬ್ರರಿ ಮೇಡಂ ಅಲ್ವಾ" ಎಂದು ಯಾರೋ ಪಕ್ಕದಲ್ಲಿ ಕೂತರು. ಸುಮಿತ್ರ. ಸ್ವಲ್ಪ ದಪ್ಪಗಾಗಿದ್ದಳು. ಮಡಿಲಲ್ಲಿ ಕಿತ್ತಳೆ ಸುಲಿಯುತ್ತಿದ್ದ ಮಗಳು. ಕೆಂಚಾರ್ಲಹಳ್ಳಿಗೆ ಕೊಟ್ಟಿದ್ದಾರಂತೆ, ಊರಿನ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆಯುವ ಕೆಲಸವಂತೆ. ಚೆನ್ನಾಗಿದ್ದೀಯೇನಮ್ಮ ಎಂದರೆ, "ಚೆನ್ನಾಗೇ ಇದೀನಿ ಮೇಡಂ" ಅಂದಳು. ಅವತ್ತಿನ ವಿಷಯ ನಾನು ಎತ್ತಲಿಲ್ಲ. ಅವಳೇ ಎತ್ತಿದಳು.

"ಅವತ್ತು ನೀವ್ ಒಂದ್ ಸಾರಿ ಗದರಿದ್ರೆ ಸೈನ್ ಹಾಕ್ಬಿಡ್ತಿದ್ನೇನೋ ಮೇಡಂ."

"ಹಾಕ್ಸಬೇಕಿತ್ತಾ?"

ಅವಳು ಮಗಳ ಬಾಯಿಂದ ಕಿತ್ತಳೆಯ ಬೀಜ ಕೈಗೆ ಉಗುಳಿಸಿಕೊಳ್ಳುತ್ತ ಯೋಚಿಸಿದಳು. "ಅವತ್ತು ಬೇಡ್ವಾಗಿತ್ತು. ಒಂದ್ ಹದಿನೈದ್ ದಿನ ಆದ್ಮೇಲೆ ಬೇಕು ಅನ್ನಿಸ್ತು. ನೀವ್ ಇನ್ನೊಂದ್ ಸಾರಿ ಬರ್ತೀರ ಅನ್ಕೊಂಡಿದ್ದೆ. ಅಮ್ಮನೂ ಕೇಳ್ತಿದ್ರು, ಮೇಡಂ ಬರ್ಲಿಲ್ವಾ ಅಂತ."

"ನೀನೇ ಒಂದು ಫೋನ್ ಮಾಡಬಹುದಿತ್ತಲ್ಲಮ್ಮ."

"ನಾಚ್ಕೆ ಆಯ್ತು ಮೇಡಂ. ಎಲ್ರಿಗೂ ಬುದ್ಧಿ ಹೇಳ್ತಿದ್ದೋಳು ನಾನು." ನಕ್ಕಳು. "ಬಿಡಿ, ಹೋಗಿದ್ರೆ ಏನಾಗ್ತಿತ್ತೋ. ಅಲ್ಲೂ ಎದೆ ಹೊಡ್ಕೊಂಡು ಓಡಿ ಬರ್ತಿದ್ನೋ ಏನೋ. ನನಗೇ ಗೊತ್ತಿಲ್ಲ."

ಅಷ್ಟರಲ್ಲಿ ಅವಳ ಬಸ್ಸು ಬಂತು. ಜನ ನುಗ್ಗಿದರು. ಮಗಳನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಿಗೆ ಕೈ ಅಡ್ಡ ಹಿಡಿದು, "ಏಯ್, ಸ್ವಲ್ಪ ತಡೀರಪ್ಪ, ಅಜ್ಜಿ ಹತ್ತಲಿ ಮೊದ್ಲು" ಎಂದಳು. ಎಲ್ಲರೂ ತಡೆದರು. ಅಜ್ಜಿ ಹತ್ತಿದರು. ಕಿಟಕಿಯಿಂದ ನನಗೆ ಕೈ ಬೀಸಿದಳು. ಅವಳು ಸುಖವಾಗಿದ್ದಾಳೋ, ಅಥವಾ ನನಗೆ ಬೇಜಾರಾಗದಿರಲೆಂದು ಹಾಗೆ ಹೇಳಿದಳೋ, ಅವತ್ತಿನಿಂದ ಯೋಚಿಸುತ್ತಿದ್ದೇನೆ. ಹಂಡಿಗನಾಳ ದಾಟಿದ ಮೇಲೂ ಮರೆಯುತ್ತಿಲ್ಲ.

ಬಲವಂತ ಮಾಡಿದ್ದರೆ ಸರಿಹೋಗುತ್ತಿತ್ತೇ? ಗೊತ್ತಿಲ್ಲ. ಬಿಟ್ಟಿದ್ದು ತಪ್ಪೇ? ಅದೂ ಗೊತ್ತಿಲ್ಲ. ನಾರಾಯಣಮ್ಮ ಹೇಳಿದ್ದರಲ್ಲಿ ಬಲವಂತ ಮಾಡಬಾರದು ಎಂಬಷ್ಟನ್ನು ಮಾತ್ರ ನಾನು ಕೇಳಿಸಿಕೊಂಡು ಬಂದೆ. ಉಳಿದದ್ದು ಕಷ್ಟದ ಕೆಲಸವಾಗಿತ್ತು. ಅದಕ್ಕೆ ಸಾದಲಿ ಬಸ್ಸನ್ನು ಮತ್ತೆ ಮತ್ತೆ ಹತ್ತಬೇಕಿತ್ತು. ನಾನು ಒಂದು ಸಲ ಹತ್ತಿ, ಅದನ್ನೇ ಇಷ್ಟು ವರ್ಷ ಕಥೆ ಮಾಡಿ ಹೇಳಿದೆ.

ಗುರುವಾರ ಏನು ಹೇಳಬೇಕೋ ಇನ್ನೂ ಹೊಳೆದಿಲ್ಲ. ಆ ಕಥೆಯನ್ನಂತೂ ಹಳೆಯ ಹಾಗೆ ಹೇಳಲಾರೆ. ಆದರೆ ನಿನ್ನೆ ಸ್ಕೇಲು ತೆಗೆದುಕೊಂಡು ಕೂತು, ಸಲಹೆಯ ಅಗಲವಾದ ಕಾಲಮನ್ನು ಪ್ರತಿ ಪುಟದಲ್ಲೂ ಎರಡಾಗಿ ಸೀಳಿ ಗೆರೆ ಎಳೆದೆ. ಹೊಸ ಭಾಗದ ಮೇಲೆ "ಮತ್ತೆ ಯಾವಾಗ" ಎಂದು ಬರೆದೆ.

ಇವತ್ತು ಮಧ್ಯಾಹ್ನ ಬಿ.ಎ. ಹುಡುಗಿಯೊಬ್ಬಳು ಬಂದು ಬಿ.ಎಡ್. ಮಾಡಲೋ, ಕೆಲಸಕ್ಕೆ ಹೋಗಲೋ, ತಲೆಯೇ ಓಡುತ್ತಿಲ್ಲ ಮೇಡಂ ಎಂದು ಎದುರಿಗೆ ಕೂತಳು. ನನಗೂ ಓಡಲಿಲ್ಲ. ರಿಜಿಸ್ಟರ್ ತೆರೆದು ಅವಳ ಹೆಸರು, ತರಗತಿ ಬರೆದೆ. ಕೊನೆಗೆ ಹೇಳಿದೆ.

"ಮಂಗಳವಾರ ಬಾಮ್ಮ, ಮಾತಾಡೋಣ. ನೀನು ಬರದಿದ್ರೆ ನಾನೇ ಬರ್ತೀನಿ. ಊರು ಯಾವುದು?"

ಅವಳು ಗಾಬರಿಯಾದಳು. "ಯಾಕ್ ಮೇಡಂ? ಮನೇಲಿ ಏನಾದ್ರೂ ಹೇಳ್ತೀರಾ?"

"ಏನೂ ಹೇಳಲ್ಲ. ಸುಮ್ನೆ ಬರ್ತೀನಿ. ನಿಮ್ಮೂರಿಗೆ ಬಸ್ಸು ಎಷ್ಟೊತ್ತಿಗೆ?"

ಅನುಮಾನದಿಂದಲೇ ಹೇಳಿದಳು. ಎರಡು ಬಸ್ಸಿವೆಯಂತೆ. ಎರಡರ ಸಮಯವನ್ನೂ ಹೊಸ ಕಾಲಮಿನಲ್ಲಿ ಬರೆದುಕೊಂಡೆ. ಪಕ್ಕದ ಸಲಹೆಯ ಕಾಲಂ ಖಾಲಿಯೇ ಉಳಿಯಿತು.