ತಟ್ಟೆಯಡಿಯ ಕುಂಕುಮ

ಆಂಟಿಯ ಕನ್ನಡಕದ ಎಡಗಾಜಿಗೆ ಯಾವಾಗಲೂ ಒಂದು ತುಂಡು ಸ್ಕಾಚ್ ಟೇಪ್ ಅಂಟಿಕೊಂಡಿರುತ್ತಿತ್ತು. ಆ ಕಣ್ಣಿಗೆ ನೇರ ಗೆರೆಗಳೆಲ್ಲ ಡೊಂಕಾಗಿ ಕಾಣುತ್ತಿದ್ದವು. ‘ಸುಳ್ಳು ಹೇಳೋ ಕಣ್ಣು, ಬಾಯಿ ಮುಚ್ಚಿಸಿದ್ದೀನಿ’ ಎನ್ನುತ್ತಿದ್ದರು. ಫ್ರಿಜ್ಜಿನ ಬಾಗಿಲ ಮೇಲೆ ಡಾಕ್ಟರು ಕೊಟ್ಟ ಚೌಕುಳಿ ಕಾಗದವಿತ್ತು. ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಅದರೆದುರು ನಿಂತು ಬಲಗಣ್ಣಿನಿಂದ ನೋಡುವರು. ಗೆರೆಗಳು ನೆಟ್ಟಗಿದ್ದರೆ ‘ಇವತ್ತು ಡ್ಯೂಟಿಗೆ ಹಾಜರ್’ ಎಂದು ಗ್ಯಾರೇಜಿಗೆ ಇಳಿಯುವರು.

ಕೆಂಡಲ್ ಪಾರ್ಕಿನ ಅವರ ಮನೆಯ ಮಹಡಿ ಕೋಣೆಯಲ್ಲಿ ನಾನು ನಾಲ್ಕು ವರ್ಷ ಬಾಡಿಗೆಗಿದ್ದೆ. ಆಂಟಿ ಕೊಡಗಿನವರು. ಈ ಪರದೇಶಕ್ಕೆ ಬಂದು ಆಸ್ಪತ್ರೆಯ ಫಾರ್ಮಸಿಯಲ್ಲಿ ದುಡಿದು ನಿವೃತ್ತರಾಗಿದ್ದರು. ಗಂಡ ತೀರಿಕೊಂಡಿದ್ದರು, ಮಗಳು ಹತ್ತಿರದ ಊರು ಮೆಟುಚೆನ್‌ನಲ್ಲಿದ್ದಳು. ನಾನೋ ಮೈಸೂರಿನವಳು, ಪಕ್ಕದ ಮನೆಯಲ್ಲಿ ಆಮ್ಲೆಟ್ ಮಾಡಿದರೆ ನಮ್ಮ ಮನೆಯ ಕಿಟಕಿ ಮುಚ್ಚುವಂಥ ವಂಶದವಳು. ಕೋಣೆ ನೋಡಲು ಹೋದ ದಿನ ಗ್ಯಾರೇಜಿನ ಮೇಜಿನ ಮೇಲೆ ಹಿತ್ತಾಳೆಯ ತೋಟಾಗಳು ಸಾಲಾಗಿ ನಿಂತಿದ್ದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟೆ.

‘ಹೆದರ್ಬೇಡ ಹುಡುಗಿ, ಇದೂ ಪ್ರಿಸ್ಕ್ರಿಪ್ಶನ್ನೇ. ಪೇಷೆಂಟ್ ಮಾತ್ರ ರೈಫಲ್ಲು’ ಎಂದರು ಆಂಟಿ.

ಆ ರೈಫಲ್ಲು ಅವರ ಯಜಮಾನರದ್ದು. ಇಲ್ಲಿನ ಬೇಟೆಗಾರರು ತಾತಂದಿರ ಕಾಲದಿಂದ ನೆಚ್ಚಿಕೊಂಡು ಬಂದ ‘ಥರ್ಟಿ-ಆಟ್-ಸಿಕ್ಸ್’ ಎಂಬ ತೋಟಾ ಅದಕ್ಕೆ ಬೇಕು. ಅಂಗಡಿಯಲ್ಲಿ ರಾಶಿ ಸಿಗುತ್ತದೆ, ಆದರೆ ಈ ಕೋವಿಗೆ ಅಂಗಡಿಯದು ಒಗ್ಗುತ್ತಿರಲಿಲ್ಲ. ಒಂದೇ ಕಡೆ ಗುರಿಯಿಟ್ಟು ಮೂರು ಸಲ ಹೊಡೆದರೆ ಮೂರು ದಿಕ್ಕಿಗೆ. ಹಾಗೆಯೇ ಒಮ್ಮೆ ಪೆನ್ಸಿಲ್ವೇನಿಯಾದಲ್ಲಿ ಯಜಮಾನರ ಗುಂಡು ಜಿಂಕೆಯೊಂದಕ್ಕೆ ಎಲ್ಲೋ ತಗುಲಿ, ಅದು ಕುಂಟುತ್ತಾ ಕಾಡು ಸೇರಿತು. ಎರಡು ದಿನ ಹುಡುಕಿದರೂ ಸಿಗಲಿಲ್ಲ. ಆಮೇಲೆ ಅವರು ಕೋವಿ ಮುಟ್ಟಲಿಲ್ಲವಂತೆ. ಆದರೆ ಕೊನೆಯವರೆಗೂ ಆ ಜಿಂಕೆಯ ಮಾತು ಬಿಡಲಿಲ್ಲವಂತೆ.

‘ಕೋವಿಗೆ ಕೆಟ್ಟ ಹೆಸರು ಬಂದಿದೆ. ನನ್ನ ಕಣ್ಣಿರೋದ್ರೊಳಗೆ ತೊಳೀಬೇಕು. ಒಂದು ಜಿಂಕೆ, ಒಂದೇ ಗುಂಡು, ನಿಂತಲ್ಲೇ. ಅದಕ್ಕೆ ನೋವು ಗೊತ್ತಾಗಬಾರ್ದು’ ಎನ್ನುತ್ತಿದ್ದರು. ಬಲಗಣ್ಣು ಇನ್ನೊಂದು ವರ್ಷ ಬಂದರೆ ಹೆಚ್ಚು ಎಂದು ಡಾಕ್ಟರು ಹೇಳಿಯಾಗಿತ್ತು.

ಅದಕ್ಕೇ ಈ ಗ್ಯಾರೇಜಿನ ತಪಸ್ಸು. ಬಳಸಿದ ಹಿತ್ತಾಳೆಯ ಕೋಶವನ್ನು ತಿಕ್ಕಿ, ಒತ್ತುಯಂತ್ರದಲ್ಲಿ ಅದರ ಆಕಾರ ಸರಿಪಡಿಸಿ, ಬುಡಕ್ಕೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ ಕೂರಿಸಿ, ಮದ್ದಿನ ಪುಡಿಯನ್ನು ತಕ್ಕಡಿಯಲ್ಲಿ ತೂಗಿ ಸುರಿದು, ಮೇಲೆ ಗುಂಡು ಒತ್ತುವರು. ಒಂದೊಂದು ಬಗೆಯಲ್ಲಿ ಐದೈದು ತೋಟಾ. ಶನಿವಾರ ಶೂಟಿಂಗ್ ರೇಂಜಿಗೆ ಡ್ರೈವ್ ಮಾಡಿ, ನೂರು ಗಜ ದೂರದ ಕಾಗದಕ್ಕೆ ಹೊಡೆದು, ತೂತುಗಳ ಮೇಲೆ ಹಳೆಯ ಒಂದು ರೂಪಾಯಿ ನಾಣ್ಯ ಇಟ್ಟು ನೋಡುವರು. ನಾಣ್ಯದಡಿ ಎಲ್ಲ ತೂತೂ ಮುಚ್ಚಿಹೋಗಬೇಕು, ಅದು ಅವರ ಪಣ. ಮುಚ್ಚದಿದ್ದರೆ ಮದ್ದಿನ ತೂಕ ಇಷ್ಟೇ ಇಷ್ಟು ಬದಲು, ಇಲ್ಲವೇ ಗುಂಡು ಕೂರುವ ಆಳ ಬದಲು. ಎರಡನ್ನೂ ಒಟ್ಟಿಗೆ ಎಂದೂ ಇಲ್ಲ. ‘ಒಂದ್ಸಲಕ್ಕೆ ಒಂದೇ. ಎರಡು ಬದಲಾಯಿಸಿದ್ರೆ ಗೆದ್ರೂ ಯಾಕೆ ಗೆದ್ವಿ ಅಂತ ಗೊತ್ತಾಗಲ್ಲ’ ಎಂಬುದು ಅವರ ಮಂತ್ರ. ಔಷಧ ಕಂಪನಿಯ ಕ್ವಾಲಿಟಿ ಲ್ಯಾಬಿನಲ್ಲಿ ಕೆಲಸ ಮಾಡುವ ನನಗೆ ಈ ಶಿಸ್ತು ಅರ್ಥವಾಗುತ್ತಿತ್ತು. ಕೋವಿಯ ಭಯ ಹೋಗಿ ನಾನೇ ಕೋಶ ತಿಕ್ಕಿಕೊಡಲು ಕೂರುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಅವರ ಕೈಲ್‌ಪೊಳ್ದ್ ಬಂತು, ಆಯುಧಗಳನ್ನು ಪೂಜಿಸುವ ಕೊಡಗಿನ ಹಬ್ಬ. ಊರಿನ ಕೋವಿಹೂ ಇಲ್ಲೆಲ್ಲಿ, ಇಂಡಿಯನ್ ಅಂಗಡಿಯ ಚೆಂಡುಹೂವೊಂದನ್ನು ನಳಿಗೆಯ ಬಾಯಿಗೆ ಸಿಕ್ಕಿಸಿ ಕೈಮುಗಿದರು. ಅಷ್ಟೇ, ಮುಗಿಯಿತು. ನನಗೆ ಅದು ಸಾಲಲಿಲ್ಲ. ಅಕ್ಟೋಬರಿನಲ್ಲಿ ನಮ್ಮ ಆಯುಧಪೂಜೆ ಬಂದಾಗ ಕಾರಿನ ಚಕ್ರದಡಿ ನಿಂಬೆಹಣ್ಣು ಇಟ್ಟೆ, ಲ್ಯಾಪ್‌ಟಾಪಿಗೆ, ಕುಕ್ಕರಿಗೆ ಗಂಧ ಕುಂಕುಮ ಹಚ್ಚಿದೆ. ಆಂಟಿ ಕಣ್ಣಿನ ಡಾಕ್ಟರ ಬಳಿ ಹೋಗಿದ್ದರು. ಗ್ಯಾರೇಜಿನ ಆಯುಧಗಳು ಮಾಡಿದ ಪಾಪವೇನು ಅನ್ನಿಸಿತು. ಒತ್ತುಯಂತ್ರಕ್ಕೆ ಹಚ್ಚಿದೆ, ತಕ್ಕಡಿಗೂ ಹಚ್ಚಿದೆ. ತಟ್ಟೆಯ ಒಳಗೆ ಹಚ್ಚಿದರೆ ಮದ್ದಿಗೆ ತಾಗುತ್ತದೆಂದು ಬಹಳ ಜಾಣೆಯಂತೆ ತಟ್ಟೆಯ ಅಡಿಗೆ, ಧಾರಾಳವಾಗಿ ಗಂಧ ಬಳಿದು ಕುಂಕುಮ ಇಟ್ಟೆ.

ಬಂದವರೇ ಆಂಟಿ ಕೆಲಸಕ್ಕೆ ಕೂತರು. ಹಿಂದಿನ ಶನಿವಾರವಷ್ಟೇ ನಾಣ್ಯದಡಿ ತೂತುಗಳು ಮುಚ್ಚಿಹೋಗಿದ್ದವು. ಸೂತ್ರ ಸಿಕ್ಕಿತ್ತು. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದಮೇಲೆ ಪೆನ್ಸಿಲ್ವೇನಿಯಾದ ಬೇಟೆ ಋತು. ಅದಕ್ಕೆಂದು ನಲವತ್ತು ತೋಟಾ ತುಂಬಿದರು. ಶುರುವಿಗೊಮ್ಮೆ, ಮುಗಿದಮೇಲೊಮ್ಮೆ ತಕ್ಕಡಿಯನ್ನು ಹಿತ್ತಾಳೆಯ ತೂಕದ ಬಟ್ಟಿನಿಂದ ಪರೀಕ್ಷಿಸುವುದು ಅವರ ರೂಢಿ. ಶುರುವಿನಲ್ಲಿ, ಎಂದಿನಂತೆ ಮುಳ್ಳನ್ನು ಸೊನ್ನೆಗೆ ತಂದುಕೊಂಡಾಗ, ಸರಿಯಿತ್ತು. ಕೊನೆಯಲ್ಲಿ ಮುಳ್ಳು ಗೆರೆಗೆ ಬರಲಿಲ್ಲ. ಮೂರು ಸಲ ನೋಡಿದರು, ಬರಲಿಲ್ಲ. ಹೀಗಾದರೆ ತೋಟಾಗಳಲ್ಲಿ ಮದ್ದು ಹೆಚ್ಚು ಬಿದ್ದಿರಬಹುದು. ಹೆಚ್ಚಿನ ಮದ್ದು ಕೋವಿಯನ್ನೇ ಸಿಡಿಸೀತು.

ಆಂಟಿ ಭೂತಗನ್ನಡಿ ಕೆಳಗಿಟ್ಟರು. ‘ತಕ್ಕಡಿ ಮೂವತ್ತು ವರ್ಷದಿಂದ ಸರಿಯಿದೆ. ಮುಳ್ಳು ಓದಿದ್ದು ನಾನು. ಬಲಗಣ್ಣೂ ಹೋಯ್ತು ಹುಡುಗಿ’ ಎಂದರು.

ನನಗೆ ಆ ಕ್ಷಣವೇ ಹೊಳೆಯಿತು. ಹಸಿ ಗಂಧದ ಭಾರದೊಂದಿಗೆ ಅವರು ತಕ್ಕಡಿ ಸರಿಮಾಡಿಕೊಂಡಿದ್ದರು, ಅದು ಒಣಗುತ್ತ ಹೋದಂತೆ ತಟ್ಟೆ ಹಗುರಾಗಿ ಮದ್ದು ಹೆಚ್ಚುತ್ತ ಹೋಗಿತ್ತು. ಕಚೇರಿಯಲ್ಲಿ ಇಂಥ ತಪ್ಪುಗಳ ವರದಿ ಬರೆಯುವುದೇ ನನ್ನ ಹೊಟ್ಟೆಪಾಡು. ಆದರೂ ಬಾಯಿ ಬರಲಿಲ್ಲ. ಬೈಗುಳದ ಹೆದರಿಕೆ, ನಾಚಿಕೆ, ಮನೆ ಬಿಡಿಸಿಯಾರೆಂಬ ದಿಗಿಲು. ‘ರೆಸ್ಟ್ ತಗೊಳ್ಳಿ ಆಂಟಿ’ ಎಂದು ಮಹಡಿ ಹತ್ತಿದೆ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಬೆಳಿಗ್ಗೆ ಕೆಳಗಿಳಿದಾಗ ಫ್ರಿಜ್ಜಿನ ಮೇಲೆ ಚೌಕುಳಿ ಕಾಗದ ಇರಲಿಲ್ಲ. ಗ್ಯಾರೇಜಿನಲ್ಲಿ ಆಂಟಿ ಒತ್ತುಯಂತ್ರದ ಬೋಲ್ಟು ಬಿಚ್ಚುತ್ತಿದ್ದರು. ಇನ್ನು ತಡೆಯಲಾಗಲಿಲ್ಲ. ತಕ್ಕಡಿಯ ತಟ್ಟೆ ಎತ್ತಿ, ಮಗುಚಿ, ಅವರ ಮುಂದೆ ಹಿಡಿದೆ. ಒಣಗಿ ಬಿರಿದ ಗಂಧ, ನಡುವೆ ಕೆಂಪು ಬೊಟ್ಟು.

‘ನಾನೇ ಆಂಟಿ. ಪೂಜೆಗೆ ಹಚ್ಚಿದ್ದು. ನಿಮ್ಮ ಕಣ್ಣು ಸರಿಯಾಗೇ ಇದೆ.’

ಅವರು ಅದನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು.

‘ನಿನ್ನೇನೇ ಗೊತ್ತಾಗಿತ್ತಾ?’

‘ಹ್ಞೂಂ.’

‘ಕುಂಕುಮ ಇಟ್ಟಿದ್ದಕ್ಕೆ ನಾನೇನೂ ಅನ್ನಲ್ಲ. ಆದ್ರೆ ಒಂದು ರಾತ್ರಿಯೆಲ್ಲ ನನ್ನ ಕುರುಡಿ ಮಾಡಿಬಿಟ್ಟೆಯಲ್ಲೇ.’

ದನಿ ಏರಿಸಲಿಲ್ಲ. ಏರಿಸಿದ್ದರೆ ಎಷ್ಟೋ ಚೆನ್ನಾಗಿತ್ತು. ಬೋಲ್ಟನ್ನು ಮತ್ತೆ ತಿರುಗಿಸಿ ಬಿಗಿ ಮಾಡಿದರು. ಆಮೇಲೆ ಸುತ್ತಿಗೆಯಂಥ ಒಂದು ಪ್ಲಾಸ್ಟಿಕ್ ಸಾಧನವನ್ನು ನನ್ನ ಕೈಗಿತ್ತರು. ತೋಟಾವನ್ನು ಅದರೊಳಗಿಟ್ಟು ಮರದ ದಿಮ್ಮಿಗೆ ಕುಟ್ಟಿದರೆ ಗುಂಡೂ ಮದ್ದೂ ಕಳಚಿಕೊಳ್ಳುತ್ತವೆ. ‘ನಲವತ್ತೂ’ ಎಂದರು. ಮೊದಮೊದಲಿನವು ಸರಿಯಿರಬಹುದಲ್ಲವೇ ಎಂದು ಕೇಳಿದೆ. ‘ಯಾವುದು ಸರಿ ಅಂತ ಅದರ ಹಣೇಲಿ ಬರೆದಿದ್ಯಾ?’ ಎಂದರು. ಕೆಲಸಕ್ಕೆ ರಜೆ ಹಾಕಿ ನಲವತ್ತನ್ನೂ ಕುಟ್ಟಿ ಬಿಚ್ಚಿದೆ, ಅಂಗೈಯಲ್ಲಿ ಬೊಬ್ಬೆ ಬಂತು. ಆಂಟಿ ತಟ್ಟೆ ತೊಳೆದು, ಒರೆಸಿ, ಮತ್ತೆ ಒಂದರಿಂದ ಶುರು ಮಾಡಿದರು. ಚೌಕುಳಿ ಕಾಗದ ಫ್ರಿಜ್ಜಿಗೆ ವಾಪಸ್ಸು ಬಂತು.

ನವೆಂಬರ್ ಕೊನೆಯ ಒಂದು ಬೆಳಿಗ್ಗೆ ಆಂಟಿ, ಅವರ ಮಗಳು, ನಾನು ಮೂವರೂ ಪೆನ್ಸಿಲ್ವೇನಿಯಾಕ್ಕೆ ಹೋದೆವು. ಕಿತ್ತಳೆ ಜಾಕೆಟ್ ತೊಟ್ಟ ಆಂಟಿ ಆ ಕಾಗದವನ್ನೂ ತಂದಿದ್ದರು. ಕಾರಿನ ಬಾನೆಟ್ಟಿನ ಮೇಲೆ ಹರಡಿ ನೋಡಿ, ಗೆರೆಗಳು ನೆಟ್ಟಗಿವೆ ಎಂದು ಖಾತ್ರಿಯಾದ ಮೇಲೆಯೇ ಮಗಳ ಜೊತೆ ಕಾಡು ಹೊಕ್ಕರು. ಮಾಂಸ ಮುಟ್ಟದ ನಾನು ಕಾರಿನಲ್ಲಿ ಕೂತು, ಬೇಟೆ ಚೆನ್ನಾಗಾಗಲಿ ಎಂದು ಚಾಮುಂಡಿಗೆ ಹರಕೆ ಹೊತ್ತೆ! ಒಂಬತ್ತರ ಸುಮಾರಿಗೆ ಒಂದು ಗುಂಡಿನ ಸದ್ದು ಕೇಳಿತು. ಎರಡನೆಯದಕ್ಕಾಗಿ ಕಾದೆ. ಬರಲಿಲ್ಲ. ಸ್ವಲ್ಪ ಹೊತ್ತಿಗೆ ಆಂಟಿ ಮಗಳ ತೋಳು ಹಿಡಿದು ಬಂದರು. ‘ನಿಂತಲ್ಲೇ’ ಎಂದರು, ಮತ್ತು ಜೋರಾಗಿ ಅತ್ತರು.

ಮುಂದಿನ ಬೇಸಿಗೆಗೆ ಬಲಗಣ್ಣಿನ ಗೆರೆಗಳೂ ಡೊಂಕಾದವು. ಉಳಿದ ತೋಟಾಗಳನ್ನೆಲ್ಲ ನನ್ನ ಕೈಲಿ ಬಿಚ್ಚಿಸಿ ಎರಡನ್ನು ಮಾತ್ರ ದೊಡ್ಡದೊಂದು ಮಾತ್ರೆ ಡಬ್ಬಿಯಲ್ಲಿ ಹಾಕಿಸಿದರು. ‘ನಮ್ಮಲ್ಲಿ ಸಾವಾದ್ರೆ ಎರಡು ಗುಂಡು ಹಾರಿಸ್ತೀವಿ, ಒಂದರ ಹಿಂದೆ ಒಂದು, ಊರಿಗೆ ತಿಳೀಲಿ ಅಂತ. ಇಲ್ಲಿ ಹಾರಿಸಿದ್ರೆ ಪೊಲೀಸರಿಗೆ ತಿಳಿಯತ್ತೆ ಅಷ್ಟೇ. ರೇಂಜಿಗೆ ಹೋಗಿ. ಒಂದು ಮಗಳು, ಒಂದು ನೀನು.’ ನಾನು ನಗಾಡಿ ಮಾತು ಹಾರಿಸಿದೆ.

ಎರಡು ವರ್ಷದ ಮೇಲೆ, ಪಾರ್ಶ್ವವಾಯು ಬಡಿದು ಆಂಟಿ ಮೂರೇ ದಿನದಲ್ಲಿ ಹೋದರು. ಅಂತ್ಯಕ್ರಿಯೆ ಮುಗಿದ ಶನಿವಾರ ಮಗಳು ಆ ಡಬ್ಬಿ ತಂದಳು. ರೇಂಜಿನಲ್ಲಿ ಅವಳು ಮೊದಲು ಹೊಡೆದಳು. ‘ಯುವರ್ ಟರ್ನ್. ಶೀ ವಾಂಟೆಡ್ ಯು ಟು’ ಎಂದು ರೈಫಲ್ ನನ್ನ ಭುಜಕ್ಕೆ ಆನಿಸಿದಳು. ಜೀವನದಲ್ಲಿ ಮೊದಲ ಸಲ ಕೋವಿಯ ಕುದುರೆ ಎಳೆದೆ. ಕಣ್ಣೀರಿನಲ್ಲಿ ಗುರಿ ಸರಿಯಾಗಿ ಕಾಣಲೂ ಇಲ್ಲ.

ಅಲ್ಲಿನ ಉಸ್ತುವಾರಿ ಆಫೀಸರ್ ದುರ್ಬೀನಿನಲ್ಲಿ ಕಾಗದ ನೋಡಿದ. ಮಗಳದ್ದು ನಟ್ಟನಡುವೆ, ನನ್ನದು ಒಂದು ಗೇಣು ಆಚೆ. ನನ್ನ ಮುಖ ನೋಡಿ ಪಾಪ ಅನ್ನಿಸಿತೇನೋ, ‘ಮನೇಲಿ ತುಂಬಿದ ತೋಟಾ ಅಲ್ವಾ, ಬಹುಶಃ ಅದರದ್ದೇ ದೋಷ’ ಎಂದು ಇಂಗ್ಲಿಷಿನಲ್ಲಿ ಸಮಾಧಾನ ಹೇಳತೊಡಗಿದ.

‘ಇಲ್ಲ’ ಎಂದೆ, ಅವನ ಮಾತು ಮುಗಿಯುವುದಕ್ಕೂ ಮೊದಲೇ. ‘ತೋಟಾ ಸರಿಯಾಗಿದೆ. ತಪ್ಪು ನನ್ನದು.’